ಉಸ್ತಾದರ ಧಾಟಿ

ಮೆರವಣಿಗೆಯ ಟ್ರ್ಯಾಕ್ಟರಿಗೆ ಕಟ್ಟಿದ್ದ ಧ್ವನಿವರ್ಧಕದ ಹಾರ್ನು ಜೇವರ್ಗಿಯ ಮಸೀದಿ ಓಣಿಗೆ ತಿರುಗಿದಾಗ ಮೊದಲ ಕಲ್ಲು ಬಿತ್ತು. ಯಾರು ಎಸೆದರೆಂದು ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ದರ್ಜಿ ಉಸ್ಮಾನಸಾಬನ ಅಂಗಡಿಯ ಬಾಗಿಲು ಮುರಿಯಿತು, ಹೊಲಿಗೆ ಮಷೀನು ಬೀದಿಗೆ ಬಂದು ಬಿತ್ತು, ಅರ್ಧ ಹೊಲಿದ ಅಂಗಿಗಳಿಗೆ ಬೆಂಕಿ ಹತ್ತಿತು. ಅವುಗಳಲ್ಲಿ ಎಷ್ಟೋ ಅಂಗಿ ಮೆರವಣಿಗೆಯವರವೇ. ಬೆಂಕಿ ಹಚ್ಚುವವರಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು!

"ಧರ್ಮಣ್ಣಾ, ನಿನ್ನ ಪದಾ ಮಂದಿಗಿ ಹೆಂಗ ಹುರುಪ ತಂದದ ನೋಡು!" ಎಂದು ಮುಖಂಡ ಬಸವಂತರಾಯ ಟ್ರ್ಯಾಕ್ಟರಿನ ಮೇಲಿಂದ ಕೂಗಿ, ಕ್ಯಾಸೆಟ್ಟಿನ ಸದ್ದು ಏರಿಸಿದ.

ಟ್ರ್ಯಾಕ್ಟರಿನ ಪಕ್ಕ ನಡೆಯುತ್ತಿದ್ದ ಧರ್ಮಣ್ಣ ಹಿಂದೆ ಸರಿದ. ದೇಶ ನಮ್ಮದು, ನೀವು ಬಿಟ್ಟು ಹೊರಡಿ ಎನ್ನುವ ಮಾತುಗಳು ಬಸವಂತರಾಯನವು. ಧಾಟಿ ಮಾತ್ರ ಮೊಹರಮ್ಮಿನಲ್ಲಿ ಹೊತ್ತು ಮೆರೆಸುವ ಅಲಾಯಿ ದೇವರ ಮುಂದೆ ಹಾಡುವ ಶೋಕದ ಪದದ್ದು. ತೀರಿಹೋದ ರಾಜೇಸಾಬ ಉಸ್ತಾದರು ಹತ್ತು ವರ್ಷ ಎದುರಿಗೆ ಕೂಡಿಸಿಕೊಂಡು ಕಲಿಸಿದ್ದು. ಕ್ಯಾಸೆಟ್ಟಿನ ಮೇಲೆ ತನ್ನ ಫೋಟೋ ಬರುತ್ತದೆಂಬ ಆಸೆಗೆ ಧರ್ಮಣ್ಣ ಕಲಬುರ್ಗಿಗೆ ಹೋಗಿ ಹಾಡಿಬಂದಿದ್ದ.

ಅಂದು ಮೊಹರಮ್ಮಿನ ಒಂಬತ್ತನೆಯ ದಿನ. ಓಣಿಯ ಬಾಗಿಲುಗಳೆಲ್ಲ ದಡದಡ ಮುಚ್ಚಿಕೊಂಡವು. ಒಂದು ಮಾತ್ರ ತೆರೆಯಿತು. ಉಸ್ತಾದರ ಹೆಂಡತಿ ಖಾಸೀಂಬಿ, ಕಿವಿ ಮಂದವಾದ ಮುದುಕಿ, ನೀರಿನ ತಂಬಿಗೆ ಹಿಡಿದು ಹೊಸ್ತಿಲು ದಾಟಿದಳು. ಹಾರ್ನಿನ ಮಾತು ಅವಳಿಗೆ ತಿಳಿಯದು; ಆ ಧಾಟಿ ಕೇಳಿತೆಂದರೆ ಅಲಾಯಿ ದೇವರು ಬಂದಂತೆ. ದೇವರನ್ನು ಹೊತ್ತವರ ಕಾಲಿಗೆ ನೀರು ಹಾಕದೆ ಕಳಿಸುವುದುಂಟೇ?

"ಒಳಗ ಹೋಗ್ರಿ ಖಾಲಾ!" ಎನ್ನುತ್ತ ಧರ್ಮಣ್ಣ ಓಡಿದ. ಅವನಿಗಿಂತ ಮೊದಲು ಕಲ್ಲು ಮುಟ್ಟಿತು. ಹಣೆ ಒಡೆದು ಮುದುಕಿ ಅಲ್ಲೇ ಕುಸಿದಳು. ಅವನು ಹೆಗಲ ಮೇಲಿನ ಟವೆಲ್ಲನ್ನು ಮಡಚಿ ಗಾಯಕ್ಕೆ ಗಟ್ಟಿಯಾಗಿ ಒತ್ತಿ ಹಿಡಿದ.

"ಧರ್ಮಾ, ಬಂದ್ಯಾ ಬೇಟಾ? ನಿನ್ನ ದನಿ ಕೇಳೇ ಹೊರಗ ಬಂದ್ನಿ. ದೇವರು ಎಲ್ಲಿ? ಈ ಕಲ್ಲು ಯಾರ ಒಗದ್ರು?"

ಸುಳ್ಳು ಹೇಳಿದ್ದರೆ ನಂಬುತ್ತಿದ್ದಳು. ಅವನಿಂದ ಆಗಲಿಲ್ಲ. ಆಕೆಯ ಕಿವಿಗೆ ಬಾಯಿ ಹಚ್ಚಿ, "ಅಲಾಯಿ ಅಲ್ರಿ ಖಾಲಾ, ಕ್ಯಾಸೆಟ್ಟು. ನಿಮ್ಮನ್ನ ಓಡಸ್ರಿ ಅಂತ ಉಸ್ತಾದರ ಧಾಟ್ಯಾಗ ನಾನೇ ಹಾಡೀನಿ," ಎಂದು ಅತ್ತುಬಿಟ್ಟ.

ಖಾಸೀಂಬಿ ಅವನ ಮುಖವನ್ನೇ ನೋಡಿದಳು. ಆಮೇಲೆ ತನ್ನ ಹಣೆಯ ಮೇಲಿದ್ದ ಅವನ ಕೈಯನ್ನು, ಟವೆಲ್ಲಿನ ಸಮೇತ, ಮೆಲ್ಲಗೆ ತೆಗೆದು ಕೆಳಗಿಟ್ಟಳು. ರಕ್ತ ಹುಬ್ಬು ದಾಟಿ ಇಳಿಯತೊಡಗಿತು.