ಬೇಲಿಯ ಆ ಕಡೆ ಹನ್ನೊಂದು ಮಂದಿ

ಚಳ್ಳಕೆರೆ ಬಸ್ ನಿಲ್ದಾಣದ ಹಿಂದಿನ ತಗಡಿನ ಶೆಡ್ಡಿನಲ್ಲಿ ಮಲಗುತ್ತಿದ್ದ ಮುದುಕನೊಬ್ಬನಿಗೆ ಕೊರೊನಾ ಇದೆ ಎಂದು ಗೊತ್ತಾದ ದಿನ, ಅವನ ಅಕ್ಕಪಕ್ಕ ಮಲಗುತ್ತಿದ್ದ ಹನ್ನೊಂದು ಜನರ ಕೈಮೇಲೆ ಮುದ್ರೆ ಒತ್ತಿದರು. ಎರಡು ಸಾವಿರದ ಇಪ್ಪತ್ತರ ಮೇ ತಿಂಗಳು. ಹದಿನಾಲ್ಕು ದಿನ ಮನೆಯಿಂದ ಹೊರಗೆ ಬರಬಾರದು ಎಂದು ಮುದ್ರೆ ಹೇಳುತ್ತಿತ್ತು. ಪಾತಮ್ಮ ಎಂಬ ಮುದುಕಿ ತನ್ನ ಕೈಯನ್ನು ಬಿಸಿಲಿಗೆ ಹಿಡಿದು, "ಏನು ಬರೆದೈತೆ, ಓದು ತಾಯಿ" ಎಂದಳು. ನಾನು ಓದಿದೆ.

"ಹಂಗಾದ್ರೆ ಮೊದ್ಲು ಮನೆ ಕೊಡಿಸು. ಆಮ್ಯಾಲೆ ನೋಡು, ಹೊಸಿಲು ದಾಟಿದ್ರೆ ಕೇಳು" ಎಂದು ಬಾಯಿ ತುಂಬ ನಕ್ಕಳು.

ಆ ಮನೆ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ನಾನು ಚಿತ್ರಾ. ತಾಲ್ಲೂಕು ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ಗುತ್ತಿಗೆಯ ನೌಕರಳು. ಊರಿನ ಹಾಸ್ಟೆಲ್ಲುಗಳೆಲ್ಲ ಹೊರ ರಾಜ್ಯದಿಂದ ಬಂದವರಿಂದ ತುಂಬಿದ್ದವು. ನಮ್ಮ ಮೇಲಧಿಕಾರಿ ಕೃಷ್ಣಮೂರ್ತಿ ಸರ್ ಎರಡು ದಿನ ಫೋನಿನಲ್ಲೇ ಅಲೆದಾಡಿ, ಕೊನೆಗೆ ಮೊಳಕಾಲ್ಮೂರು ತಾಲ್ಲೂಕಿನ ಕಡೆಯಿಂದ ಒಂದು ಶಾಲೆಗೆ ಒಪ್ಪಿಗೆ ತಂದರು. ಕೊಂಡ್ಲಹಳ್ಳಿ ದಾಟಿ ಹೋದರೆ ಸಿಗುವ ಬಂಡೆಹಟ್ಟಿಯ ಶಾಲೆ. ಮಕ್ಕಳಿಲ್ಲದೆ ಮುಚ್ಚಿ ಮೂರು ವರ್ಷವಾಗಿತ್ತು.

ನಾನು ಹೋಗಿ ಅಳತೆ ಹಾಕಿದೆ. ನಾಲ್ಕು ಕೋಣೆ, ಒಂದು ಜಗಲಿ, ಎರಡು ಪಾಯಿಖಾನೆ, ನೀರಿನ ಸಿಂಟೆಕ್ಸ್. ಹಾಸಿಗೆ ಹಾಸಿಗೆಯ ನಡುವೆ ಆರಡಿ ಬಿಟ್ಟು, ಕಿಟಕಿಯ ಪಕ್ಕ ಯಾರು, ಬಾಗಿಲ ಪಕ್ಕ ಯಾರು ಎಂದೆಲ್ಲ ಹೆಸರು ಬರೆದು ನಕ್ಷೆ ಮಾಡಿದೆ. ಎದುರಿನ ಬಯಲಿನ ಬೇವಿನ ಮರವನ್ನೂ ಬರೆದಿದ್ದೆ, ಎಲೆಗಳ ಸಮೇತ. ಸರ್ ಅದರ ಮೇಲೆ ಬೆರಳಿಟ್ಟು, "ಇದ್ಯಾಕಮ್ಮ?" ಎಂದರು. ಕಿಟಕಿಯಿಂದ ಕಾಣುತ್ತೆ ಸರ್ ಎಂದೆ. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ನೋಡು ಚಿತ್ರಾ, ಈ ಜಾಗ ಬಿಟ್ರೆ ನಮಗೆ ಬೇರೆ ಜಾಗ ಇಲ್ಲ. ಊರಿನವರು ತಕರಾರು ತೆಗೆದ್ರೆ ಅವರೆಲ್ಲ ವಾಪಸ್ ಅದೇ ತಗಡಿನ ಶೆಡ್ಡಿಗೆ. ಹೊರಗಿಂದ ಬೀಗ ಹಾಕ್ತಾರೆ, ಅಷ್ಟೇ."

ಮೇ ತಿಂಗಳ ಚಳ್ಳಕೆರೆಯಲ್ಲಿ ಬೀಗ ಹಾಕಿದ ತಗಡಿನ ಶೆಡ್ಡು ಎಂದರೆ ಏನೆಂದು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಸೋಮವಾರ ಮಧ್ಯಾಹ್ನ ಹನ್ನೊಂದು ಜನರನ್ನೂ ವ್ಯಾನಿನಲ್ಲಿ ಕರೆದುಕೊಂಡು ಹೋದೆ. ಪಾತಮ್ಮ ತನಗೆ ಹಾಸಿದ್ದ ಹಾಸಿಗೆಯನ್ನು ಮೂರು ಸಲ ಮುಟ್ಟಿ ನೋಡಿ, ಕರಿಹಲಗೆಯ ಕೆಳಗೆ ಕಾಲು ನೀಡಿ ಕುಳಿತಳು. "ಇಷ್ಟು ದಿನಕ್ಕೆ ಇಸ್ಕೂಲಿಗೆ ಸೇರಿದೆ ನೋಡು" ಎಂದಳು. ಓಬಯ್ಯ ಎಂಬ ಎತ್ತರದ ಮುದುಕ ಮಾತ್ರ ಕೂರಲಿಲ್ಲ. ಒಂದು ಕಾಲದಲ್ಲಿ ಇನ್ನೂರು ಕುರಿ ಕಾಯುತ್ತಿದ್ದವನಂತೆ. ಈಗ ಮಾರುಕಟ್ಟೆಯಲ್ಲಿ ಶೇಂಗಾ ಚೀಲ ಹೊಲಿಯುತ್ತಿದ್ದ. ಅವನು ಕಿಟಕಿಯಿಂದ ಕಿಟಕಿಗೆ ಹೋಗಿ ಆಕಾಶ ನೋಡಿ, ಕೊನೆಗೆ ಬಾಗಿಲ ಪಕ್ಕದ ಹಾಸಿಗೆಯೇ ಸಾಕು ಎಂದ. ನಕ್ಷೆಯಲ್ಲಿ ನಾನು ಅವನಿಗೆ ಬರೆದಿದ್ದೂ ಅದನ್ನೇ. ನನಗೆ ಒಳಗೊಳಗೇ ಹಿಗ್ಗು.

ಆ ಹಿಗ್ಗು ಸಂಜೆ ಐದರವರೆಗೆ ಇತ್ತು. ಅಡುಗೆಗೆ ಒಪ್ಪಿಕೊಂಡಿದ್ದ ಊರಿನ ಗಂಗಲಕ್ಷ್ಮಿ ಪಾತ್ರೆ ತೊಳೆದಿಡುತ್ತ, "ಅಕ್ಕ, ನಾಳೆ ಇಲ್ಲಿ ಒಲೆ ಹಚ್ಚಂಗಿಲ್ಲ. ನಾಳೆ ಹೊರಬೀಡು" ಎಂದಳು.

ಹೊರಬೀಡು ನನಗೆ ಗೊತ್ತಿಲ್ಲದ್ದಲ್ಲ. ನಮ್ಮಜ್ಜಿ ಹೇಳುತ್ತಿದ್ದ ಕತೆಗಳಲ್ಲಿ ರೋಗ ಒಬ್ಬ ಹೆಂಗಸು. ತಲೆಯ ಮೇಲೆ ಬುಟ್ಟಿ ಹೊತ್ತು ಊರೂರಿಗೆ ಬರುತ್ತಾಳೆ. ಪ್ರತಿ ಬಾಗಿಲಲ್ಲೂ ನಿಂತು, ಒಳಗೆ ಯಾರಿದ್ದೀರಿ ಎನ್ನುತ್ತಾಳೆ. ಯಾರಾದರೂ ಓ ಎಂದರೆ ಬುಟ್ಟಿ ಇಳಿಸುತ್ತಾಳೆ. ಅದಕ್ಕೇ ರೋಗದ ಕಾಲದಲ್ಲಿ ಊರಿಗೆ ಊರೇ ಒಂದು ಮಂಗಳವಾರ ಬೆಳಕು ಹರಿಯುವ ಮುಂಚೆ ಮನೆಗಳಿಗೆ ಬೀಗ ಹಾಕಿ, ದನಕರು ಸಮೇತ ಹೊಲಕ್ಕೆ ಹೋಗಿ ಬೀಡು ಬಿಡುತ್ತದೆ. ದಾರಿಗಳಿಗೆಲ್ಲ ಮುಳ್ಳು ಹಚ್ಚುತ್ತಾರೆ. ಹೊತ್ತು ಮುಳುಗುವ ತನಕ ಊರೊಳಗೆ ಹೊಗೆ ಏಳಬಾರದು, ಒಂದು ಉಸಿರೂ ಇರಬಾರದು. ಅವಳು ಬಂದು, ಕೂಗಿ ಕೂಗಿ, ಬೇಸತ್ತು ಮುಂದಕ್ಕೆ ಹೋಗುತ್ತಾಳೆ.

ಇಷ್ಟೆಲ್ಲ ಕೇಳಿ ಬೆಳೆದ ನಾನು, ಪಾಯಿಖಾನೆಯ ಚಿಲಕ ಕೂಡ ಎಳೆದು ನೋಡಿದವಳು, ನಿಮ್ಮೂರಲ್ಲಿ ಈ ವಾರ ಏನಾದರೂ ಇದೆಯೇ ಎಂದು ಒಂದು ಮಾತು ಕೇಳಿರಲಿಲ್ಲ.

ಸ್ವಲ್ಪ ಹೊತ್ತಿಗೆ ಊರಿನ ಯಜಮಾನ ಬೋರಣ್ಣ ಇನ್ನಿಬ್ಬರ ಜೊತೆ ಬಂದ. ಬಾಯಿಗೆ ಟವೆಲ್ ಸುತ್ತಿಕೊಂಡು ದೂರದಲ್ಲೇ ನಿಂತ.

"ನೋಡ್ರಿ ಮೇಡಂ, ನಾವು ಮಾತು ತಪ್ಪೋ ಜನ ಅಲ್ಲ. ಇರ್ಲಿ ಅಂದಿದ್ವಿ, ಈಗ್ಲೂ ಇರ್ಲಿ. ನಾಳೆ ಒಂದು ದಿನ ಅವರೂ ಹೊರಗೆ ಬರ್ಲಿ, ಹೊತ್ತು ಮುಳುಗಿದ್ ಮ್ಯಾಲೆ ವಾಪಸ್ ಹೋಗ್ಲಿ."

"ಅವರು ಹೊರಗೆ ಬರೋ ಹಾಗಿಲ್ಲ ಬೋರಣ್ಣ. ಹದಿನಾಲ್ಕು ದಿನ. ಕಾನೂನು."

"ನಮ್ದೂ ಕಾನೂನೇ ಅಲ್ವೇನ್ರಿ? ನಿಮ್ದು ಮೊನ್ನೆ ಬಂದಿದ್ದು, ನಮ್ದು ನಮ್ಮ ಮುತ್ತಾತನ ಕಾಲದ್ದು. ಹನ್ನೊಂದು ಜನ ಊರಾಗೆ ಕುಂತಿದ್ರೆ ಅದೆಂಥಾ ಹೊರಬೀಡು? ನಾಳೆ ಊರಾಗೆ ಒಂದು ಕೂಸಿಗೆ ಜ್ವರ ಬಂದ್ರೆ ಯಾರ ಮ್ಯಾಲೆ ಹಾಕ್ತಾರೆ ಹೇಳ್ರಿ? ಅವರು ಬರಲ್ಲ ಅಂದ್ರೆ ಆ ವ್ಯಾನ್ ಕರೆಸ್ರಿ."

ಕಿಟಕಿಯಿಂದ ಪಾತಮ್ಮನ ದನಿ ಬಂತು. "ಏನ್ ಸ್ವಾಮಿ, ಆ ಬುಟ್ಟಿ ಅಮ್ಮ ಬಂದ್ರೆ ನಾನು ಮಾತಾಡ್ತೀನಿ ಬಿಡ್ರಿ. ಮನೆ ಇದ್ದೋರು ಯಾರೂ ಇಲ್ಲ ತಾಯಿ, ಮುಂದಕ್ಕೆ ಹೋಗು ಅಂತೀನಿ. ನಂದೂ ಅವಳ್ದೂ ಬಸ್ ಸ್ಟ್ಯಾಂಡಿನಿಂದ ಪರಿಚಯ."

ಜೊತೆಗಿದ್ದವನೊಬ್ಬ ಕಿಸಕ್ಕನೆ ನಕ್ಕ. ಬೋರಣ್ಣ ನಗಲಿಲ್ಲ.

ನಾನು ಅಂಗಳದಲ್ಲಿ ನಿಂತು ಊರನ್ನೂ ಶಾಲೆಯನ್ನೂ ನೋಡಿದೆ. ಕೊನೆಯ ಬೀದಿಯ ಕೊನೆಯ ಕಟ್ಟಡ ಅದು. ಆಚೆಗೆ ಬೇವಿನ ಮರದ ಬಯಲು, ಅದರಾಚೆ ಹೊಲ, ದೂರದಲ್ಲಿ ಜಟಿಂಗ ರಾಮೇಶ್ವರದ ಗುಡ್ಡ. ಮುಳ್ಳನ್ನು ಶಾಲೆಯಿಂದಾಚೆ ಹಚ್ಚುವ ಬದಲು ಈಚೆ, ಶಾಲೆಗೂ ಊರಿಗೂ ನಡುವೆ ಹಚ್ಚಿದರೆ?

"ಬೋರಣ್ಣ, ಬೇಲಿ ಎಲ್ಲಿ ಬೀಳುತ್ತೋ ಅಲ್ಲೀತನಕ ತಾನೇ ಊರು? ಬೇಲಿ ಇಲ್ಲಿ ಹಾಕಿಸಿ. ಆಗ ಶಾಲೆ ಊರ ಹೊರಗೆ ಆಯ್ತು. ಅವರು ಒಳಗಿದ್ದರೂ ಹೊರಗೇ ಇದ್ದ ಹಾಗೆ."

ಮೂವರೂ ಮುಖ ಮುಖ ನೋಡಿಕೊಂಡರು. ಬೋರಣ್ಣ ನೆಲದ ಮೇಲೆ ಕೋಲಿನಿಂದ ಗೆರೆ ಎಳೆದು, ಅದರ ಎರಡೂ ಬದಿ ನೋಡಿ, "ಆಗ್ತೈತೆ" ಎಂದ. ಇನ್ನೂ ಬೆಳಕಿರುವಾಗಲೇ ಜಾಲಿಯ ಕೊಂಬೆಗಳನ್ನು ಎಳೆದು ತಂದು ಶಾಲೆಯ ಪಕ್ಕದ ದಾರಿಗೆ ಒಡ್ಡಿದರು. ಕೃಷ್ಣಮೂರ್ತಿ ಸರ್‌ಗೆ ಫೋನಿನಲ್ಲಿ ಹೇಳಿದಾಗ, "ಭಲೇ" ಎಂದರು. ನನ್ನ ಜಾಣತನಕ್ಕೆ ನಾನೇ ಮರುಳಾಗಿದ್ದೆ. ಓಬಯ್ಯ ಬಾಗಿಲಲ್ಲಿ ನಿಂತು ಆ ಮುಳ್ಳನ್ನೇ ನೋಡುತ್ತಿದ್ದುದು ಕಂಡಿತ್ತು. ಏನು ತಾತ ಎಂದು ಕೇಳಲಿಲ್ಲ.

ಮಂಗಳವಾರ ಬೆಳಕು ಹರಿಯುವ ಮುಂಚೆ ಊರು ಮುಳ್ಳು ಸರಿಸಿಕೊಂಡು ಹೊರಗೆ ಬಂತು, ಕೊನೆಯವನು ದಾರಿಯನ್ನು ಮತ್ತೆ ಮುಚ್ಚಿದ. ಗಂಟುಮೂಟೆ, ಮಡಕೆ, ಕೋಳಿಬುಟ್ಟಿ, ತೊಟ್ಟಿಲು, ಒಂದು ಟಿವಿ ಕೂಡ. ಯಾಕೆಂದು ಕೇಳಿದರೆ, "ಬುಟ್ಟಿಯಮ್ಮ ಹೊತ್ಕೊಂಡು ಹೋದ್ರೆ?" ಎಂದಿತು ಒಂದು ಮಗು. ಎಲ್ಲರೂ ಬೇವಿನ ಮರದ ಬಯಲಿನಲ್ಲಿ, ಶಾಲೆಯಿಂದ ಐವತ್ತು ಹೆಜ್ಜೆ ದೂರ ಬಿಟ್ಟು ಬೀಡು ಬಿಟ್ಟರು.

ಗಾಳಿ ಎದ್ದಿತು. ಹತ್ತು ಗಂಟೆಗೆಲ್ಲ ಕಟ್ಟಿದ ಟಾರ್ಪಾಲುಗಳು ಒಂದೊಂದಾಗಿ ಹಾರತೊಡಗಿದವು. ಒಲೆ ಹೊತ್ತಿಸಿದರೆ ಬೆಂಕಿ ಮಲಗುತ್ತಿತ್ತು, ಹಿಟ್ಟಿನ ತುಂಬ ಧೂಳು. ಶಾಲೆಯ ಕಿಟಕಿಗಳಲ್ಲಿ ಹನ್ನೊಂದು ಮುಖಗಳು ಸಾಲಾಗಿ ನಿಂತು ನೋಡುತ್ತಿದ್ದವು. ಸೂರಿನಡಿ ಅವರು, ಬಯಲಲ್ಲಿ ಇವರು.

ಪಾತಮ್ಮನಿಗೆ ತಡೆಯಲಾಗಲಿಲ್ಲ.

"ಏಮಮ್ಮಾ ಹಸಿರು ಸೀರೆ! ಟಾರ್ಪಾಲಿನ ಬಾಯಿ ಗಾಳಿಗೆ ಕೊಟ್ಟಿದ್ದೀಯಲ್ಲೇ. ತಿರುಗಿಸ್ಕೊ! ಮೂಲೆಗೆ ಒಂದೊಂದು ಕಲ್ಲು ಒಳಗಿಟ್ಟು ಗಂಟು ಹಾಕು. ಒಲೆನ ಮರದ ಬುಡಕ್ಕೆ ತಾ!"

ಹಸಿರು ಸೀರೆಯವಳು ಬೋರಣ್ಣನ ತಾಯಿ ಹೊನ್ನಕ್ಕ. ಸೊಂಟ ಬಾಗಿದ್ದರೂ ಗಂಟಲು ಬಾಗಿರಲಿಲ್ಲ. "ಬಾಳಾ ತಿಳಿದೋಳಂಗೆ ಮಾತಾಡ್ತಿ, ಎಷ್ಟು ಹೊರಬೀಡು ನೋಡಿದ್ದೀಯೇ ನೀನು?" ಎಂದು ಅಲ್ಲಿಂದಲೇ ಕೂಗಿದಳು.

"ಹನ್ನೆರಡು ವರ್ಷದಿಂದ ದಿನಾ ಅದೇ ಅಲ್ವೇ ನಂದು!"

ಹೊನ್ನಕ್ಕ ಟಾರ್ಪಾಲು ತಿರುಗಿಸಿದಳು, ಅದು ನಿಂತಿತು. ಅಲ್ಲಿಂದ ಶುರುವಾದ ಮಾತು ಮಧ್ಯಾಹ್ನದವರೆಗೂ ನಡೆಯಿತು. ಒಬ್ಬಳು ಬಯಲಿನಿಂದ, ಒಬ್ಬಳು ಕಿಟಕಿಯಿಂದ. ಪಾತಮ್ಮನ ಗಂಡ ಸತ್ತದ್ದು, ಮಗಳು ಕಲ್ಯಾಣದುರ್ಗದ ಕಡೆ ಸೇರಿದ್ದು, ಎಣ್ಣೆಮಿಲ್ಲಿನಲ್ಲಿ ಕಸ ಗುಡಿಸಿದ್ದು, ಯಾವ ಅಂಗಡಿಯ ಮುಂದೆ ಸೊಳ್ಳೆ ಕಮ್ಮಿ ಎನ್ನುವುದು. ಇಡೀ ಊರು ಕಿವಿಗೊಟ್ಟು ಕೇಳುತ್ತಿತ್ತು. ಗಂಗಲಕ್ಷ್ಮಿ ಬಯಲಲ್ಲೇ ಬೇಯಿಸಿದ ಮುದ್ದೆ, ಹುರುಳಿ ಸಾರನ್ನು ತಂದು ಜಗಲಿಯ ತುದಿಯಲ್ಲಿಟ್ಟು ಹೋದಳು. ಎಲ್ಲರೂ ಉಂಡರು. ಓಬಯ್ಯ ಅರ್ಧ ಮುದ್ದೆ ಬಿಟ್ಟ.

ಹೊತ್ತು ಮುಳುಗಿತು. ಪೂಜಾರಿ ಮುಂದೆ ನೀರು ಚಿಮುಕಿಸುತ್ತ ನಡೆದ. ಮುಳ್ಳನ್ನು ಒಂದಾಳು ಹೋಗುವಷ್ಟು ಸರಿಸಿ, ಜನ, ದನ, ಕುರಿ ಸಾಲಾಗಿ ಊರೊಳಗೆ ಹೋದವು. ಎಲ್ಲರೂ ದಾಟಿದ ಮೇಲೆ ಬೋರಣ್ಣ ಆ ಕೊಂಬೆಗಳನ್ನು ಮತ್ತೆ ಎಳೆದು ದಾರಿ ಮುಚ್ಚಿದ.

"ಮೇಡಂ, ಇದು ಹಿಂಗೇ ಇರ್ಲಿ. ಹದಿಮೂರು ದಿನ ತಾನೇ? ನಮಗೂ ಧೈರ್ಯ, ಅವರಿಗೂ ಯಾರ ಕಾಟ ಇಲ್ಲ. ಊಟ ಬೇಲಿ ಮ್ಯಾಲಿಂದ ಕೊಡ್ತೀವಿ."

ನಕ್ಷೆಯ ಪ್ರಕಾರ ಅದರಲ್ಲಿ ತಪ್ಪೇನೂ ಇರಲಿಲ್ಲ. ಬೇಲಿ ಹಾಕಿಸಿದವಳೂ ನಾನೇ. ಸರಿ ಎಂದುಬಿಟ್ಟೆ.

ತಿರುಗಿ ನೋಡಿದರೆ ಓಬಯ್ಯ ಜಗಲಿಗೆ ಬಂದು ನಿಂತಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಚೀಲ.

"ನಾನು ಹೋಗ್ತೀನಮ್ಮ."

"ಎಲ್ಲಿಗೆ ತಾತ? ಹೋಗೋ ಹಾಗಿಲ್ಲ. ನೀನು ಒಬ್ಬ ಹೋದರೆ ಪೊಲೀಸರು ಎಲ್ಲರನ್ನೂ ಶೆಡ್ಡಿಗೆ ಹಾಕ್ತಾರೆ."

"ಹಾಕ್ಲಿ. ಶೆಡ್ಡಿನ ಮುಂದೆ ಜನ ಓಡಾಡ್ತಾರೆ." ಅವನು ಮುಳ್ಳಿನ ಕಡೆ ಗದ್ದ ಎತ್ತಿದ. "ಕುರಿಗೆ ರೋಗ ಬಂದ್ರೆ ನಾವು ಹಿಂಗೇ ಬೇರೆ ರೊಪ್ಪ ಹಾಕ್ತಿದ್ವಿ. ಊರಿಂದ ದೂರ, ಸುತ್ತ ಜಾಲಿ ಮುಳ್ಳು. ಸೊಪ್ಪು ಮ್ಯಾಲಿಂದ ಎಸೀತಿದ್ವಿ. ಒಳಾಕೆ ಯಾರೂ ಹೋಗ್ತಿರಲಿಲ್ಲ. ಆ ರೊಪ್ಪದಿಂದ ತಿರುಗಿ ಮಂದೆಗೆ ಬಂದ ಕುರಿನ ನಾನು ಒಂದೂ ಕಂಡಿಲ್ಲ, ತಾಯಿ. ಹಾಕಿದೋನು ನಾನೇ, ನನಗೆ ಗೊತ್ತಿಲ್ವಾ?"

ಅವನು ಕಂಬಳಿಯ ಅಂಚಿನಿಂದ ಕಣ್ಣೊರೆಸಿಕೊಂಡ. ನಾನು ಎಳೆಸಿದ ಗೆರೆ ಅವನಿಗೆ ಏನಾಗಿ ಕಂಡಿತ್ತೆಂದು ಆಗಷ್ಟೇ ಹೊಳೆಯಿತು. ಅವನು ಒಂದು ಮೆಟ್ಟಿಲು ಇಳಿದ.

"ಹೊನ್ನಕ್ಕಾ!" ಪಾತಮ್ಮ ಕಿಟಕಿಯ ಸರಳು ಹಿಡಿದು ಕೂಗಿದಳು. "ಲೇ ಹೊನ್ನಕ್ಕಾ! ನಿನ್ ಮಗ ಬೇಲಿ ಮುಚ್ಚವ್ನೆ ಕಣೇ! ಇಲ್ಲಿ ಗಂಡಸು ಅಳ್ತಾ ಹೊಂಟವ್ನೆ!"

ಬೇಲಿಯಾಚೆಯ ಬೀದಿಯಲ್ಲಿ ನಡೆಯುತ್ತಿದ್ದವರು ನಿಂತರು. ಹೊನ್ನಕ್ಕ ಕೋಲೂರಿಕೊಂಡು ವಾಪಸ್ಸು ಬಂದಳು. ಓಬಯ್ಯನ ಹೆಗಲ ಕಂಬಳಿ ನೋಡಿದಳು, ಮುಳ್ಳು ನೋಡಿದಳು, ಮಗನನ್ನು ನೋಡಿದಳು.

"ತೆಗಿಯೋ ಅದನ್ನ."

"ಅವ್ವಾ, ಕಾಯಿಲೆ ಐತೆ ಕಣವ್ವ. ನಿಂಗೊತ್ತಾಗಲ್ಲ."

"ನನಗೆ ಗೊತ್ತಾಗಲ್ಲ, ಆಯ್ತು. ಬೆಳಗ್ಗಿಂದ ನೀನು ಈ ಮುಳ್ಳಿನ ಯಾವ ಕಡೆ ಕುಂತಿದ್ದೆ?"

ಬೋರಣ್ಣ ಬಯಲಿನ ಕಡೆ ನೋಡಿದ.

"ಆ ಕಡೆ ತಾನೇ? ನಾನೂ ಆ ಕಡೆ, ಈ ಊರೆಲ್ಲ ಆ ಕಡೆ. ನಾವೆಲ್ಲ ಒಳಗೆ ಬಂದು ಅರ್ಧ ಬೀಡು ಅಲ್ಲೇ ಬಿಟ್ರೆ ಹೊರಬೀಡು ಮುಗಿದಂಗಾಯ್ತೇನೋ? ಒಂದು ದಾರಿಗೆ ಮುಳ್ಳಿದ್ರೂ ಒಲೆ ಹಚ್ಚಂಗಿಲ್ಲ, ದೀಪ ಹಚ್ಚಂಗಿಲ್ಲ. ನಮ್ಮತ್ತೆ ಹೇಳಿದ್ದು. ಹಚ್ಚು ನೋಡಾನ ಯಾರ ಮನೇಲಿ ಹಚ್ತೀಯೋ!"

ಪೂಜಾರಿ ತಲೆ ಕೆರೆದುಕೊಂಡ. ಹೌದೆನ್ನಲಿಲ್ಲ, ಇಲ್ಲವೆನ್ನಲೂ ಅವನಿಗೆ ಧೈರ್ಯವಿರಲಿಲ್ಲ. ಹಾಗೊಂದು ನಿಯಮ ನಿಜಕ್ಕೂ ಇತ್ತೋ, ಹೊನ್ನಕ್ಕ ನಿಂತ ನಿಲುವಿನಲ್ಲೇ ಕಟ್ಟಿದಳೋ ನನಗೆ ಇಂದಿಗೂ ಗೊತ್ತಿಲ್ಲ. ಬೀದಿಯುದ್ದಕ್ಕೂ ಮನೆಗಳು ಕತ್ತಲಲ್ಲಿದ್ದವು. ಹಸಿದ ಮಕ್ಕಳು ರಾಗ ತೆಗೆಯುತ್ತಿದ್ದರು. ಒಬ್ಬ ಹೆಂಗಸೂ ದೀಪಕ್ಕೆ ಕಡ್ಡಿ ಗೀರಲಿಲ್ಲ.

"ಹಂಗಂತ ಅವರು ಊರೊಳಗೆ ಬರಬಾರ್ದು" ಎಂದ ಬೋರಣ್ಣ.

"ಬರಲ್ಲ" ಎಂದೆ ನಾನು. "ಬಾಗಿಲಲ್ಲಿ ನಾನಿರ್ತೀನಿ. ಹದಿಮೂರು ದಿನವೂ ಇಲ್ಲೇ ಜಗಲಿ ಮೇಲೆ ಮಲಗ್ತೀನಿ. ಬೇಲಿಯ ಕೆಲಸ ನನಗೆ ಬಿಡಿ."

ನಕ್ಷೆಯಲ್ಲಿ ಹನ್ನೆರಡನೇ ಹಾಸಿಗೆ ಇರಲಿಲ್ಲ. ಸರ್ ಏನೆನ್ನುತ್ತಾರೋ ಆಮೇಲೆ ನೋಡಿಕೊಂಡರಾಯಿತು.

ಬೋರಣ್ಣ ನಿಟ್ಟುಸಿರು ಬಿಟ್ಟು ಬಗ್ಗಿದ. ಕೊಂಬೆಯ ತುದಿಗೆ ಕೈ ಹಾಕಿ ಎಳೆದ, ಮುಳ್ಳು ನಾಟಿ ಚಿಟ್ಟನೆ ಚೀರಿ ಬಿಟ್ಟ. ಮತ್ತೆ ಎಳೆದ. ಕೊಂಬೆಗೆ ಕೊಂಬೆ ಸಿಕ್ಕಿಕೊಂಡು ಬರಲೊಲ್ಲವು.

ಮೆಟ್ಟಿಲ ಮೇಲಿದ್ದ ಓಬಯ್ಯ ಅದನ್ನು ನೋಡುತ್ತ ನಿಂತಿದ್ದ. ನೋಡಿ ನೋಡಿ ಅವನಿಗೆ ಸಹಿಸಲಾಗಲಿಲ್ಲ. ಚೀಲವನ್ನು ಜಗಲಿಯ ಮೇಲಿಟ್ಟ.

"ಲೇ ಲೇ, ತುದಿ ಹಿಡಿದ್ರೆ ಬರ್ತೈತೇನ್ಲೇ? ಬುಡ ಹಿಡಿಯೋ! ಕೈ ಬ್ಯಾಡ, ಕವೆಗೋಲು ತಗೊ. ಕವೆ ಬುಡಕ್ಕೆ ಕೊಟ್ಟು ಒತ್ತು. ಹಾಂ, ಒತ್ತಿ ತಿರುವು. ಮ್ಯಾಲಿನದು ಮೊದ್ಲು. ಹಾಕಿದೋನು ಯಾವನೋ ದಡ್ಡ, ಉಲ್ಟಾ ಹಾಕವ್ನೆ!"

ಹಾಕಿದವನು ಬೋರಣ್ಣನೇ. ಅವನು ಯಾರೋ ಕೊಟ್ಟ, ತುದಿ ಕವಲೊಡೆದ ಕವೆಗೋಲು ತೆಗೆದುಕೊಂಡು, ಹೇಳಿದ ಹಾಗೆ ಬುಡಕ್ಕೆ ಕೊಟ್ಟು ತಿರುವಿದ. ಮೊದಲ ಕೊಂಬೆ ಬಿಡಿಸಿಕೊಂಡು ಬಂತು. ಬೆವರು ಒರೆಸಿಕೊಳ್ಳುತ್ತ ಅವನು ಮೆಟ್ಟಿಲ ಕಡೆ ನೋಡಿದ.

"ಯಾವೂರಪ್ಪ ನಿಂದು?"

"ಹೇಳ್ತೀನಿ," ಎಂದ ಓಬಯ್ಯ, ಕಂಬಳಿ ಮಡಿಸಿ ಕೆಳಗೆ ಹಾಕಿಕೊಂಡು ಕೂರುತ್ತ. "ಇನ್ನೂ ನಾಲ್ಕು ಕೊಂಬೆ ಅವೆ. ಮೊದ್ಲು ಎಳಿ."