ಗುಣಮಟ್ಟದ ತೊಟ್ಟಿಲು

ದೇಶದೊಳಗೆ ಲಾರಿ ಓಡಿಸುವವನಿಗೆ ನಿದ್ದೆ ಬೇಕಿಲ್ಲ. ಗಡಿ ದಾಟುವವನಿಗೆ ಮಾತ್ರ ಬೇಕು. ಮಹಾಲಿಂಗಪ್ಪ ಹಂಚಿನಾಳನಿಗೆ ಇದು ಗೊತ್ತಾದದ್ದು ನಾಲ್ಕು ದೇಶಗಳ ಸಾಗಣೆ ಒಕ್ಕೂಟದ ನಿಯಮಾವಳಿ ಓದಿದ ಮೇಲೆ. ಓದಿದ್ದೂ ಅವನಲ್ಲ, ಹೆಂಡತಿ ಗೌರಾಬಾಯಿ. ಪುಣೆಯ ಧನಕವಡಿ ದಾಟಿ ಕಾತ್ರಜದ ಏರಿನಲ್ಲಿದ್ದ ಹಂಚಿನಾಳ ಟ್ರಾನ್ಸ್‌ಪೋರ್ಟಿನಲ್ಲಿ ಓದುವುದು, ಬರೆಯುವುದು, ಬೈಯುವುದು ಎಲ್ಲವೂ ಆಕೆಯ ಪಾಲಿನ ಕೆಲಸ.

ಒಕ್ಕೂಟದ ಪರವಾನಗಿ ಸಿಕ್ಕರೆ ಒಂದೇ ಕಾಗದದ ಮೇಲೆ ಲಾರಿ ಪುಣೆಯಿಂದ ಕಾಠ್ಮಂಡುವಿಗೆ ನೇರ ಹೋಗಬಹುದು. ರಕ್ಸೌಲ್ ಗಡಿಯಲ್ಲಿ ಮಾಲು ಇಳಿಸಿ, ಬೇರೆ ಗಾಡಿಗೆ ಏರಿಸಿ, ಯಾರ್‍ಯಾರದೋ ಮುಖ ನೋಡುತ್ತ ಕೂರಬೇಕಿಲ್ಲ. ಆದರೆ ಮೊದಲು ಗುಣಮಟ್ಟದ ಪರೀಕ್ಷೆ ಆಗಬೇಕು. ಚಾಲಕರಿಗೆ ವಿಶ್ರಾಂತಿ ಕೋಣೆ ಇರಬೇಕು. ದಣಿದ ಚಾಲಕ ‘ಗಾಡಿ ಓಡಿಸುವುದಿಲ್ಲ’ ಎಂದರೆ ಮಾಲೀಕ ಒಪ್ಪಬೇಕು. ಬೈಯಬಾರದು, ಪಗಾರ ಹಿಡಿಯಬಾರದು.

“ಇದನ್ನ ಬರದಂವಾ ಯಾವತ್ತರ ಲಾರಿ ನೋಡ್ಯಾನೇನು?” ಎಂದ ಮಹಾಲಿಂಗಪ್ಪ.

“ಲಾರಿ ನೋಡಿರಲಿಕ್ಕಿಲ್ಲ. ಡ್ರೈವರನ ಮಾರಿ ನೋಡಿರಬೇಕು,” ಎಂದಳು ಗೌರಾಬಾಯಿ.

ಹಳೆಯ ಟಾಯರು ತುಂಬಿದ್ದ ಕೋಣೆ ಖಾಲಿಯಾಯಿತು. ಸುಣ್ಣ ಬಳಿದದ್ದಾಯಿತು. ಮಂಚ ಬಂತು, ಗಾದಿ ಬಂತು, ಗೋಡೆಗೆ ಹಿಮಾಲಯದ ಚಿತ್ರವೂ ಬಂತು. ಗಾದಿಯ ಮೇಲಿನ ಪ್ಲಾಸ್ಟಿಕ್ಕನ್ನು ಮಾತ್ರ ಯಾರೂ ಬಿಚ್ಚಲಿಲ್ಲ. ಬಾಗಿಲಿಗೆ ಬೀಗ ಬಿತ್ತು, ಮಲಗಿದರೆ ಹೊಲಸಾಗುತ್ತದಲ್ಲ! ಚಾಲಕರು ಎಂದಿನಂತೆ ಲಾರಿಯ ಹೊಟ್ಟೆಯ ಕೆಳಗೆ ಚಾದರ ಹಾಸಿಕೊಂಡು, ಬೀಗ ಹಾಕಿದ ವಿಶ್ರಾಂತಿಯನ್ನು ನೋಡುತ್ತ ಮಲಗಿದರು.

ಕಷ್ಟವಾದದ್ದು ‘ಇಲ್ಲ’ ಎನ್ನುವ ನಿಯಮ. ಪರೀಕ್ಷೆಗೆ ಬಂದವರು ಕೇಳಿದರೆ ಚಾಲಕರು ಹೇಳಿ ತೋರಿಸಬೇಕು. ಗೌರಾಬಾಯಿ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ತಾಲೀಮು ಶುರು ಮಾಡಿದಳು. ಮೊದಲ ಸರದಿ ದೌಂಡದ ಸಿದ್ದಲಿಂಗಪ್ಪನದು. ಅವನು ಮೀಸೆ ನರೆತ ಹಿರಿಯ ಚಾಲಕ.

“ಸಿದ್ದಲಿಂಗಪ್ಪಾ, ಗಾಡಿ ತಗೀ. ನಾಗಪುರಕ್ಕ ಹೋಗು.”

“ಹೂಂನ್ರಿ ವೈನಿ.”

“ಹೂಂ ಅಲ್ಲೋ ಮಾರಾಯಾ, ಇಲ್ಲ ಅನ್ನು!”

“ನಿಮಗ ಹೆಂಗ ಇಲ್ಲ ಅನ್ಲಿರಿ?”

“ನನಗ ಬ್ಯಾಡ. ಸಾವ್ಕಾರಗ ಅನ್ನು.”

ಸಿದ್ದಲಿಂಗಪ್ಪ ಮಹಾಲಿಂಗಪ್ಪನ ಕಡೆ ತಿರುಗಿದ. ಕಣ್ಣು ನೆಲಕ್ಕಿಳಿಸಿದ. “ಇಲ್ರಿ... ಅಂದ್ರ... ನೀವು ಅಂದ್ರ ಹೋಗ್ತೀನ್ರಿ.”

“ಕೊಳ್ಳಾಗಿಂದ ಅಲ್ಲ, ಹೊಟ್ಟಿಯಿಂದ ಬರಲಿ!” ಎಂದು ಗೌರಾಬಾಯಿ ಗದರಿದಳು.

ಹುಡುಗ ವಯಸ್ಸಿನ ಚಾಲಕ ಸ್ವಪ್ನಿಲ್ ಬೇಗ ಕಲಿತ. ರೂಢಿಯಾಗಲಿ ಎಂದು ಚಹಾದವನಿಗೂ ಮರಾಠಿಯಲ್ಲಿ ‘ನಾಹೀ’ ಎಂದು, ಆಮೇಲೆ ತಾನೇ ಓಡಿಹೋಗಿ ಚಹಾ ತಂದುಕೊಂಡ. ಸಿದ್ದಲಿಂಗಪ್ಪನ ಬಾಯಿಗೆ ಮಾತ್ರ ಆ ಶಬ್ದ ಹತ್ತಲೇ ಇಲ್ಲ. ಜೀವಮಾನವೆಲ್ಲ ಹೂಂ ಎಂದು ಲಾರಿ ಹತ್ತಿದವನು ಅವನು. ಮಗಳು ರೇಣು ಹುಟ್ಟಿದಾಗ ಗುವಾಹಾಟಿಯ ದಾರಿಯಲ್ಲಿದ್ದ. ಅವಳಿಗೆ ಹೆಸರಿಟ್ಟಾಗಲೂ ಅದೇ ದಾರಿಯಲ್ಲೇ ಇದ್ದ, ಆಕ್ಸಲ್ ಮುರಿದಿತ್ತು. ಕೂಸನ್ನು ಪಕ್ಕದ ಮನೆಯಿಂದ ಎರವಲು ತಂದ ತೊಟ್ಟಿಲಿಗೆ ಹಾಕಿದರಂತೆ.

ಈಗ ರೇಣುವಿಗೇ ಹೆಣ್ಣು ಕೂಸು ಹುಟ್ಟಿತ್ತು. ತೊಟ್ಟಿಲು ಕೊಡಬೇಕಾದದ್ದು ತವರಿನವರು. ಕೂಸಿಗೆ ಹೆಸರಿಡುವ ದಿನವೂ ಒಕ್ಕೂಟದ ಪರೀಕ್ಷೆಯ ದಿನವೂ ಒಂದೇ ಆಗಿತ್ತು. ಅಂದು ಬೆಳಿಗ್ಗೆ ಸಿದ್ದಲಿಂಗಪ್ಪ ನಾಗಪುರದಿಂದ ಬಂದಿಳಿದ. ಕಣ್ಣು ಕೆಂಪಗಿದ್ದವು, ಲಾರಿಯಲ್ಲಿ ಅಲ್ಲೇ ಕೊಂಡ ಸಾಗವಾನಿಯ ತೊಟ್ಟಿಲಿತ್ತು. ಸಂಜೆ ಅದು ದೌಂಡದಲ್ಲಿರಬೇಕು, ಅವನೂ ಇರಬೇಕು. ಸಾವ್ಕಾರ ರಜೆ ಕೊಟ್ಟಾಗಿತ್ತು. ಅಂಗಳಕ್ಕೆಲ್ಲ ನೀರು ಹೊಡೆದು ತೊಳೆಯುತ್ತಿದ್ದರಿಂದ ಗೌರಾಬಾಯಿ ತೊಟ್ಟಿಲನ್ನು ವಿಶ್ರಾಂತಿ ಕೋಣೆಯಲ್ಲಿ ಇರಿಸಿದಳು.

ಅಷ್ಟರಲ್ಲಿ ಪರೀಕ್ಷಕಿ ಬಂದೇಬಿಟ್ಟಳು. ಶರಣ್ಯಾ ಅಂತ, ಒಕ್ಕೂಟದ ಮಗರಪಟ್ಟಾ ಆಫೀಸಿನವಳು, ಬೆಂಗಳೂರಿನ ಕಡೆಯ ಹುಡುಗಿ. ಬ್ರೇಕು ನೋಡಿದಳು, ಹೊಗೆ ನೋಡಿದಳು, ಕೋಣೆಗೆ ಬಂದು ತೊಟ್ಟಿಲು ನೋಡಿ ನಿಂತಳು.

“ಸರ್, ಇದೇನು?”

ಮಹಾಲಿಂಗಪ್ಪ ಒಂದು ಕ್ಷಣ ಹಿಮಾಲಯದ ಕಡೆ ನೋಡಿದ. “ಮಕ್ಕಳ ಸೌಕರ್ಯ ರಿ ಮೇಡಂ. ಲೇಡೀಸ್ ಡ್ರೈವರ್ ಬಂದ್ರ ಇರಲಿ ಅಂತ.”

“ಸೂಪರ್! ಎಷ್ಟು ಜನ ಇದ್ದಾರೆ ಲೇಡಿ ಡ್ರೈವರ್ಸ್?”

“ಅವರು ಇನ್ನೂ ಬಂದಿಲ್ರಿ. ತೊಟ್ಲ ಮೊದಲ ಬಂದದ.”

ಶರಣ್ಯಾ ಫೋಟೋ ತೆಗೆದಳು. ಚೀಲದಿಂದ ಒಕ್ಕೂಟದ ಸ್ಟಿಕ್ಕರ್ ತೆಗೆದು ತೊಟ್ಟಿಲಿನ ಹಣೆಗೆ ಅಂಟಿಸಿದಳು. “ಇದಕ್ಕೆ ಎಕ್ಸ್‌ಟ್ರಾ ಮಾರ್ಕ್ಸ್ ಇದೆ ಸರ್. ಆದ್ರೆ ಇನ್ಮೇಲೆ ಇದು ಇಲ್ಲೇ ಇರ್ಬೇಕು. ನಾವು ಹೇಳ್ದೆ ಬಂದು ಚೆಕ್ ಮಾಡ್ತೀವಿ.”

ಬಾಗಿಲಲ್ಲಿ ನಿಂತಿದ್ದ ಸಿದ್ದಲಿಂಗಪ್ಪ ಸಾವ್ಕಾರನ ಕಿವಿಯ ಹತ್ತಿರ ಬಂದ. “ಸಾವ್ಕಾರ್, ತೊಟ್ಲ ನಂದ್ರಿ. ಸಂಜಿಗೆ ಕೂಸಿನ ಹೆಸರು ಅದ.”

“ಸುಮ್ಮನಿರೋ. ನಿನಗ ಬ್ಯಾರೆ ಕೊಡಸ್ತೀನಿ.”

“ಯಾವಾಗ್ರಿ?”

“ಕೂಸು ನಡ್ಯೂದ್ರೊಳಗ!”

ಆಗಲೇ ಮಾಲು ಕಳಿಸುವ ಚಾಕಣದ ಪಾರ್ಟಿಯ ಫೋನು ಬಂತು. ಬಿಡಿಭಾಗಗಳ ಲೋಡು ಇವತ್ತೇ ರಕ್ಸೌಲಿಗೆ ಹೊರಡಬೇಕು. ಮಹಾಲಿಂಗಪ್ಪನ ಬಾಯಿ ಪರೀಕ್ಷೆಯನ್ನೂ ರಜೆಯನ್ನೂ ಮರೆತು ತನ್ನ ಹಳೆಯ ರೂಢಿಗೆ ಬಿತ್ತು. “ಸಿದ್ದಲಿಂಗಪ್ಪಾ, ಗಾಡಿ ತಗೀ!”

ಶರಣ್ಯಾ ತಲೆಯೆತ್ತಿದಳು. “ಅವರು ಈಗ್ತಾನೆ ಬಂದಿದ್ದಾರಲ್ವಾ?”

“ಹೌದ್ರಿ ಮೇಡಂ, ಅದಕ್ಕ ನೋಡ್ರಿ. ಈಗ ಅಂವಾ ಇಲ್ಲ ಅಂತಾನ,” ಎಂದು ಮಹಾಲಿಂಗಪ್ಪ ನಕ್ಕ. ಆಮೇಲೆ ಹೇಗೂ ಕಳಿಸಿದರಾಯಿತು ಎಂಬ ಧೈರ್ಯ.

ಸಿದ್ದಲಿಂಗಪ್ಪ ತೊಟ್ಟಿಲನ್ನು ನೋಡಿದ. ಅದರ ಹಣೆಯ ಮೇಲಿನ ಸ್ಟಿಕ್ಕರನ್ನು ನೋಡಿದ.

“ಇಲ್ಲ,” ಎಂದ. ಬಾಲಕ್ಕೆ ‘ರಿ’ ಇರಲಿಲ್ಲ. “ಗಾಡಿ ಹೊಡಿಯಂಗಿಲ್ಲ. ತೊಟ್ಲಾನೂ ಬಿಡಂಗಿಲ್ಲ. ಅದು ನಂದು.”

ಮೊದಲ ಮಾತು ತಾಲೀಮಿನದು. ಉಳಿದದ್ದನ್ನು ಯಾರೂ ಕಲಿಸಿರಲಿಲ್ಲ.

“ನಿಮ್ದಾ?” ಎಂದಳು ಶರಣ್ಯಾ. ಗೌರಾಬಾಯಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

“ಹೌದ್ರಿ ಮೇಡಂ, ಅವಂದ. ನಮ್ಮಲ್ಲಿ ಡ್ರೈವರನ ಮನಿಗೆ ಕೂಸು ಬಂದ್ರ ತೊಟ್ಲ ಮನಿಗೇ ಹೋಗ್ತದ. ಹೇಳಲಿಕ್ಕೆ ನಮ್ಮ ಇವರಿಗೆ ಸಂಕೋಚ. ತೊಟ್ಲಿನ ರೊಕ್ಕಾನೂ ಇವರ ಕೊಡ್ತಾರ. ಇವತ್ತ ದೌಂಡಕ್ಕ ಮುಟ್ಟಸೂದದ.”

ಮಹಾಲಿಂಗಪ್ಪ ಹೆಂಡತಿಯ ಕಡೆ ನೋಡಿದ ನೋಟ ಗುಣಮಟ್ಟದ್ದಾಗಿರಲಿಲ್ಲ.

“ಇನ್ನೂ ಒಳ್ಳೇದು! ಹಾಗಾದ್ರೆ ಮಗು ತೊಟ್ಟಿಲಲ್ಲಿರೋ ಫೋಟೋ ಇವತ್ತೇ ಕಳ್ಸಿ ಸರ್. ಬಳಕೆ ಆಗ್ತಿದೆ ಅಂತ ಪುರಾವೆ ಬೇಕು. ನಾಳೆ ರಿಪೋರ್ಟ್ ಹೋಗತ್ತೆ.”

ತೊಟ್ಟಿಲು ಕಾರಿನಲ್ಲಿ ಹಿಡಿಯುವಂಥದ್ದಲ್ಲ. ಮಹಾಲಿಂಗಪ್ಪ ಸ್ವಪ್ನಿಲನ ಕಡೆ ತಿರುಗಿದ. “ನೀ ತಗಿಯೋ ಗಾಡಿ, ದೌಂಡಕ್ಕ.”

“ನಾಹೀ ಶೇಠ,” ಎಂದ ಸ್ವಪ್ನಿಲ್, ಎದೆಯುಬ್ಬಿಸಿ. “ಮೀ ದಮಲೋಯ.” ದಣಿದಿದ್ದೇನೆ ಎಂದವನ ಮುಖ ಆಗಷ್ಟೇ ಮಿಂದು ಬಂದಂತಿತ್ತು. ಅವನ ಪಕ್ಕದವನೂ ಇಲ್ಲ ಎಂದ. ಅವನಾಚೆಯವನು ಕೇಳುವ ಮೊದಲೇ ಎಂದ. ಪರೀಕ್ಷೆಯಲ್ಲಿ ಹಿಂದೆ ಬೀಳಲು ಯಾರಿಗೆ ಇಷ್ಟ? ಶರಣ್ಯಾ ಪ್ರತಿ ‘ಇಲ್ಲ’ಕ್ಕೂ ಖುಷಿಯಿಂದ ಗುರುತು ಹಾಕಿಕೊಂಡಳು.

ಹೀಗೆ, ಒಂದು ಕಾಲಕ್ಕೆ ತಾನೂ ಚಾಲಕನಾಗಿದ್ದದ್ದನ್ನು ಮರೆತೇಬಿಟ್ಟಿದ್ದ ಮಹಾಲಿಂಗಪ್ಪ ಹಂಚಿನಾಳ ಮತ್ತೆ ಸ್ಟೇರಿಂಗ್ ಹಿಡಿದ. ಸೋಲಾಪುರ ರಸ್ತೆಯಲ್ಲಿ ಹಡಪಸರದ ಗದ್ದಲಕ್ಕೆ ಸಿಕ್ಕು, ರಿಕ್ಷಾದವರಿಂದ ಮರಾಠಿಯಲ್ಲಿ ಬೈಸಿಕೊಂಡ. ಸೊಂಟ ಹಿಡಿಯಿತು, ಹೆಗಲು ಬಿದ್ದುಹೋಯಿತು, ಸೀಟಿನ ಸ್ಪ್ರಿಂಗು ಎಲ್ಲಿ ಚುಚ್ಚುತ್ತದೆ ಎಂಬುದು ಮಾಲೀಕನಾದ ಮೇಲೆ ಮೊದಲ ಸಲ ಅನುಭವಕ್ಕೆ ಬಂತು. ಸೀಟಿನ ಹಿಂದಿನ ಹಲಗೆಯ ಮೇಲೆ ಸಿದ್ದಲಿಂಗಪ್ಪ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದ.

“ಸ್ವಲ್ಪ ಸಣ್ಣಗ ಹೊಡಿಯೋ ಗೊರಕಿ!”

“ನೀವು ತಗ್ಗು ನೋಡಿ ಹೊಡೀರಿ ಸಾವ್ಕಾರ್, ತೊಟ್ಲ ಅದ,” ಎಂದು ಅವನು ಮಗ್ಗುಲು ಬದಲಿಸಿದ.

ಸಂಜೆ ದೌಂಡದಲ್ಲಿ ಹೆಂಗಸರು ಸ್ಟಿಕ್ಕರನ್ನು ಉಗುರಿನಿಂದ ಕೆರೆದು ನೋಡಿದರು. ಬರಲಿಲ್ಲ. ಅದರ ಮೇಲೊಂದು ಚೆಂಡುಹೂವಿನ ಮಾಲೆ ಕಟ್ಟಿದರು. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಉಸುರಿದಳು, ಎಲ್ಲರೂ ಶಾಸ್ತ್ರದಂತೆ ನಗುತ್ತ ಅವಳ ಬೆನ್ನಿಗೆ ಗುದ್ದಿದರು. ಮಾಧುರಿ ಎಂದು ಹೆಸರಾಯಿತು. ಮಹಾಲಿಂಗಪ್ಪ ಫೋಟೋ ಕಳಿಸಿ, ಗೋಡೆಗೊರಗಿ, ಗುಗ್ಗರಿಯ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ. ಫೋನು ಹೊಡೆದುಕೊಂಡಿತು. ಚಾಕಣದ ಪಾರ್ಟಿ: ಯಾರೂ ಇಲ್ಲದಿದ್ದರೆ ನೀವೇ ಗಾಡಿ ತಗೊಂಡು ಈಗಲೇ ಬನ್ನಿ, ಇಲ್ಲವೆಂದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ.

“ಇಲ್ರಿ... ಅಂದ್ರ... ನೀವು ಅಂದ್ರ...” ಎಂದ ಮಹಾಲಿಂಗಪ್ಪ, ಕಣ್ಣು ನೆಲಕ್ಕಿಳಿಸಿ.

ತೊಟ್ಟಿಲು ತೂಗುತ್ತಿದ್ದ ಸಿದ್ದಲಿಂಗಪ್ಪ ಅವನ ಕಡೆ ನೋಡಿದ. “ಸಾವ್ಕಾರ್, ಹೊಟ್ಟಿಯಿಂದ ಬರಲಿ.”

ಮಹಾಲಿಂಗಪ್ಪ ಉಸಿರೆಳೆದುಕೊಂಡ. “ಇಲ್ಲ!”

ಮಾಧುರಿ ಬೆಚ್ಚಿಬಿದ್ದು ಅಳತೊಡಗಿದಳು.

“ಇಷ್ಟು ಗಟ್ಟಿ ಬ್ಯಾಡ್ರಿ,” ಎಂದ ಸಿದ್ದಲಿಂಗಪ್ಪ, ತೊಟ್ಟಿಲನ್ನು ಇನ್ನಷ್ಟು ಜೋರಾಗಿ ತೂಗುತ್ತ.