ಸಿಹಿ ಬರುವ ಪಾತ್ರೆ

ಆ ಮನೆಯ ಬೂದುಬಣ್ಣದ ಪಾತ್ರೆಯ ಖ್ಯಾತಿ ಬೀದಿಗೆಲ್ಲ ಗೊತ್ತಿತ್ತು. ಎಂಥ ಹುಳಿ ದ್ರಾಕ್ಷಿಯ ರಸವನ್ನಾದರೂ ಅದರಲ್ಲಿ ಸಣ್ಣ ಉರಿಯಲ್ಲಿ ಬತ್ತಿಸಿದರೆ ಸಾಕು, ಚಿಟಿಕೆ ಸಕ್ಕರೆಯಿಲ್ಲದೆ ಸಿಹಿ ಪಾಕವಾಗುತ್ತಿತ್ತು. ಅತ್ತೆ ಆ ಪಾಕವನ್ನು ಸೊಸೆಗೆ ದಿನಾ ಮುಂದೆ ನಿಂತು ಕುಡಿಸುತ್ತಿದ್ದಳು. "ಮೈಗೆ ಹಿಡಿಯಲಿ. ಈ ಸಲವಾದರೂ ನಿಲ್ಲಲಿ."

ನಿಲ್ಲಲಿಲ್ಲ. ಮೂರನೆಯ ಬಸಿರೂ ಇಳಿದುಹೋದಾಗ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ಅಡುಗೆಮನೆಯ ಪಾತ್ರೆಗಳನ್ನೆಲ್ಲ ತರಿಸಿ ನೋಡಿದರು, ಇದೊಂದನ್ನು ಬದಿಗಿಟ್ಟರು.

"ಇದು ಸೀಸ ಕಣಮ್ಮ. ಹುಳಿ ತಾಗಿದರೆ ಕರಗುತ್ತೆ. ನೀನು ಕುಡಿದ ಸಿಹಿ ದ್ರಾಕ್ಷಿಯದ್ದಲ್ಲ, ಇದರದ್ದು. ಮಗು ನಿಲ್ಲದೇ ಇರೋದಕ್ಕೆ ಇದೇ ಕಾರಣ."

ಪಕ್ಕದಲ್ಲಿ ಗಂಡ ಕೂತಿದ್ದ. ಎಲ್ಲ ಕೇಳಿಸಿಕೊಂಡ.

ಮನೆಯಲ್ಲಿ ಅತ್ತೆ ಬಿದ್ದುಬಿದ್ದು ನಕ್ಕಳು. "ನನಗೂ ನಾಲ್ಕು ಹೋದವು, ಎರಡು ಉಳಿದವು. ನಾನೇನು ತಪ್ಪು ಪಾತ್ರೆ ಮೇಲೆ ಹಾಕಿದ್ನಾ?" ಪಾತ್ರೆ ಮತ್ತೆ ಒಲೆ ಏರಿತು. ಸೊಸೆ ತನ್ನ ಪಾಲನ್ನು ಕದ್ದು ಮೋರಿಗೆ ಸುರಿಯತೊಡಗಿದಳು.

ಅಷ್ಟರಲ್ಲಿ ನಾದಿನಿ ಬಂದಳು, ಚೊಚ್ಚಲ ಬಸುರಿ. ಬಂದವಳೇ ಅಡುಗೆಮನೆಗೆ ನುಗ್ಗಿದಳು.

"ಅಮ್ಮ, ಈ ಪಾತ್ರೆ ನನಗಿರಲಿ. ಇಲ್ಲಿ ಯಾರಿಗೆ ಬೇಕು? ಕುಡಿಯೋಕೆ ಮಕ್ಕಳಿದಾವಾ?"

ಸೊಸೆ ಕೈಯಲ್ಲಿ ಬಟ್ಟಲು ಹಿಡಿದೇ ಅಡ್ಡ ಬಂದಳು. "ಬೇಡ. ಅದು ಸೀಸ. ಒಳಗಿರೋ ಮಗುವಿಗೆ ವಿಷ."

"ಅತ್ತಿಗೇ, ಹೊಟ್ಟೆಕಿಚ್ಚು ಹೊಟ್ಟೆಯಲ್ಲೇ ಇಟ್ಕೊಳ್ಳಿ. ಅಲ್ಲಿ ಜಾಗ ಖಾಲಿ ಇದೆಯಲ್ಲ."

ಅತ್ತೆ ಕಿಸಕ್ಕನೆ ನಕ್ಕಳು. ಸೊಸೆ ಬಾಗಿಲಾಚೆ ಕೂತಿದ್ದ ಗಂಡನ ಕಡೆ ನೋಡಿದಳು. ಅವನೊಂದು ಮಾತಾಡಿದ್ದರೆ ಸಾಕಿತ್ತು, ತಂಗಿ ಅಣ್ಣನ ಮಾತು ತೆಗೆದುಹಾಕುವವಳಲ್ಲ. ಅವನು ಪೇಪರಿನ ಹಾಳೆ ಮಗುಚಿದ.

ಸೊಸೆ ಬಟ್ಟಲು ಕೆಳಗಿಟ್ಟಳು. ಪಾತ್ರೆ ತೆಗೆದುಕೊಂಡು ಒಳಗೆಲ್ಲ ಫಳಫಳ ಹೊಳೆಯುವ ಹಾಗೆ ತಿಕ್ಕಿದಳು, ಒರೆಸಿದಳು, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ನಾದಿನಿಯ ಕೈಗಿಟ್ಟಳು.

"ಹುಳಿ ಹಣ್ಣೇ ಆರಿಸ್ಕೋ," ಎಂದಳು. "ಉರಿ ಸಣ್ಣಗಿರಲಿ. ಎಷ್ಟು ಹೊತ್ತು ಬತ್ತಿಸಿದರೆ ಅಷ್ಟು ಸಿಹಿ. ಪಾಕ ಅದರಲ್ಲೇ ಬಿಟ್ಟಿರು, ಬೇರೆ ಪಾತ್ರೆಗೆ ಬಗ್ಗಿಸಬೇಡ."

"ನೋಡಿದ್ಯಾ ಅಮ್ಮ, ಬಿಗಿಯಾಗಿ ಹೇಳಿದರೆ ಅತ್ತಿಗೆ ಎಷ್ಟು ಒಳ್ಳೆಯವರು!"

ಸೊಸೆ ಗೇಟಿನ ತನಕ ಹೋಗಿ ಬೀಳ್ಕೊಟ್ಟಳು.

"ಭಾರ ಇದೆ, ನಿಧಾನ," ಎಂದಳು. "ಹೊಟ್ಟೆಗೆ ತಾಗಿಸ್ಕೋಬೇಡ."